ತೋಟ ಅಡವಿಡುವ ಮೊದಲು

ಟೂಲೂಸ್, ಫ್ರಾನ್ಸ್

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ಅಮ್ಮನಿಗೂ ಸೀತತ್ತೆಗೂ ನಮಸ್ಕಾರ ತಿಳಿಸಿ.

ನಿಮ್ಮ ಕಾಗದ ತಲುಪಿತು. ಶ್ರೀಧರ ಗೊಬ್ಬರವಾಗುವ ಪ್ಲಾಸ್ಟಿಕ್ ಚೀಲದ ಕಾರ್ಖಾನೆ ಹಾಕುತ್ತಾನೆ, ಅದಕ್ಕೆ ಕೆಳಗಿನ ತೋಟ ಅಡವಿಡಬೇಕು ಎಂಬ ಸಾಲು ಓದಿದ ಮೇಲೆ ಉಳಿದದ್ದು ತಲೆಗೆ ಹೋಗಲಿಲ್ಲ. ಬ್ಯಾಂಕಿನ ಯಾವ ಪತ್ರಕ್ಕೂ ಸಹಿ ಹಾಕಬೇಡಿ. ಹಾಕಿಲ್ಲ ತಾನೆ?

ಅವನಿಗೆ ಈ ಕಾರ್ಖಾನೆಯ ಆಸೆ ಹಚ್ಚಿದ ಏಜೆಂಟ್ "ನಿಮ್ಮ ಮಗಳಿರುವ ಊರಿನದೇ ತಂತ್ರಜ್ಞಾನ" ಎಂದನಂತೆ. ಅರ್ಧ ನಿಜ ಹೇಳಿಯೇ ಇಂಥವರು ಜಗುಲಿ ಹತ್ತುವುದು. ಮೆಕ್ಕೆಜೋಳದಿಂದ ತಯಾರಾಗುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಇರುವುದು ನಿಜ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲದ ಅಣುಗಳನ್ನೇ ಮಲ್ಲಿಗೆ ದಂಡೆಯ ಹಾಗೆ ಉದ್ದಕ್ಕೆ ಕಟ್ಟಿದರೆ ಅದು. ಗೊಬ್ಬರವಾಗುತ್ತದೆ, ಆದರೆ ಸುಮಾರು 60 ಡಿಗ್ರಿ ಬಿಸಿ ವಾರಗಟ್ಟಲೆ ಸಿಗಬೇಕು. ಅದು ದೊಡ್ಡ ಗೊಬ್ಬರ ಘಟಕಗಳಲ್ಲಿ ಸಾಧ್ಯ, ನಮ್ಮ ಕೊಟ್ಟಿಗೆಯ ಹಿಂದಿನ ಗುಂಡಿಯಲ್ಲಿ ಅಲ್ಲ. ಇಲ್ಲಿನವರು ಆಕ್ಟಿನೋಮಡ್ಯುರಾ ಎಂಬ ಬ್ಯಾಕ್ಟೀರಿಯಾದ ಕಿಣ್ವವೊಂದನ್ನು ತಿದ್ದಿ ಪ್ಲಾಸ್ಟಿಕ್ಕಿನ ಒಳಗೇ ಸೇರಿಸಿದರು. ಪ್ರೋಟೀನು ತುಂಡರಿಸುವ ಜಾತಿಯ ಕಿಣ್ವ, ಈ ದಂಡೆಯನ್ನೂ ಕತ್ತರಿಸುತ್ತದೆ! ತೊಡಕಿದ್ದದ್ದು ಬಿಸಿಯಲ್ಲಿ. ಪಿಎಲ್‌ಎ ಕರಗಿಸುವ ಶಾಖಕ್ಕೆ ಸಾಧಾರಣ ಕಿಣ್ವ ಬೆಂದುಹೋಗುತ್ತದೆ. ಅದಕ್ಕೇ ಮೊದಲು ಕಡಿಮೆ ಬಿಸಿಗೆ ಕರಗುವ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಅದನ್ನು ಬೆರೆಸಿ, ಆಮೇಲೆ ಪಿಎಲ್‌ಎಗೆ ಕೂಡಿಸಿದರು. ಹಾಗೆ ಮಾಡಿದ ಪ್ಲಾಸ್ಟಿಕ್ ಮನೆಯ ಗೊಬ್ಬರದಲ್ಲೂ 20ರಿಂದ 24 ವಾರಗಳಲ್ಲಿ ಪೂರ್ತಿ ಚೂರಾಯಿತೆಂದು 2024ರ ನೇಚರ್ ಪತ್ರಿಕೆಯಲ್ಲಿ ಬಂದಿದೆ. ನನ್ನ ಕೆಲಸ ಬೇರೊಂದು ಕಿಣ್ವದ್ದು, ಆದರೂ ಹೇಳುವಾಗ ಸ್ವಲ್ಪ ಜಂಬ ಬರುತ್ತದೆ.

ಶ್ರೀಧರನಿಗೆ ತೋರಿಸಿದ ಚೀಲ ಅದಲ್ಲ ಅಪ್ಪ. ಮೂರು ತಿಂಗಳಲ್ಲಿ ಮಣ್ಣಾಗಬೇಕಾದದ್ದನ್ನು ನೀವು ಮಳೆಗೆ ಮೊದಲು ಹೂತು ದೀಪಾವಳಿಗೆ ತೆಗೆದರೂ ಅಕ್ಷರ ಓದಲು ಬರುತ್ತಿತ್ತಲ್ಲ! ಇಲ್ಲಿ ಜೊತೆಯವರಿಗೆ ಹೇಳಿದೆ, ಎಲ್ಲರೂ ನಿಮ್ಮನ್ನು ಮೆಚ್ಚಿದರು. ಕಿಣ್ವದ ಪುಡಿಯನ್ನು ಪ್ಲಾಸ್ಟಿಕ್ ಹರಳಿಗೆ ಬೆರೆಸಿ ಯಂತ್ರಕ್ಕೆ ಸುರಿದರೆ ಸಾಕು ಎನ್ನುವ ಆ ಏಜೆಂಟನಿಗೆ, ಯಂತ್ರದೊಳಗಿನ ಬಿಸಿ ಎಷ್ಟು, ಅದರಲ್ಲಿ ಪುಡಿ ಹೇಗೆ ಬದುಕುತ್ತದೆ ಎಂದು ಕೇಳಿ. ಗೊಬ್ಬರವಾಗುವ ಚೀಲ ತಯಾರಿಸಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು, ಮಾಲು ಐಎಸ್ 17088 ಎಂಬ ಭಾರತೀಯ ಮಾನದಂಡಕ್ಕೆ ಒಪ್ಪಬೇಕು. ಆ ಮಾನದಂಡವೂ ಬಿಸಿ ಗೊಬ್ಬರ ಘಟಕದ ಲೆಕ್ಕದ್ದೇ, ತೋಟದ ಮಣ್ಣಿನದಲ್ಲ. ಪ್ರಮಾಣಪತ್ರದ ಪ್ರತಿ ಕೈಗೆ ಬರುವ ತನಕ ಒಂದು ರೂಪಾಯಿ ಮುಂಗಡವೂ ಬೇಡ.

ಇಲ್ಲಿ 2024ರ ಜನವರಿಯಿಂದ ಅಡುಗೆಮನೆಯ ಹಸಿ ಕಸ ಬೇರೆ ಮಾಡುವುದು ಕಾನೂನು. ಕೋಟು ತೊಟ್ಟ ಗೃಹಸ್ಥರು ಆಲೂಗಡ್ಡೆ ಸಿಪ್ಪೆಯ ಬಕೆಟ್ ಹಿಡಿದು ಗಂಭೀರವಾಗಿ ಬೀದಿಯ ಕೊನೆಗೆ ನಡೆಯುತ್ತಾರೆ. ಅಮ್ಮ ಮದುವೆಯಾಗಿ ಬಂದಾಗಿನಿಂದ ಮಾಡುತ್ತಿರುವುದನ್ನು ಇವರಿಗೆ ಸರಕಾರ ಹೇಳಬೇಕಾಯಿತು.

ಶ್ರೀಧರನನ್ನು ಬೈಯಬೇಡಿ, ಕೆಲಸ ಬಿಟ್ಟು ಕುಳಿತವನಿಗೆ ಏನಾದರೂ ಮಾಡುವ ಆಸೆ ಇರುತ್ತದೆ. ಭಾನುವಾರ ನಾನೇ ಫೋನಿನಲ್ಲಿ ಮಾತನಾಡುತ್ತೇನೆ. ಸಣ್ಣದಾಗಿ ಏನಾದರೂ ಶುರುಮಾಡುವುದಾದರೆ ನಾನು ಹಣ ಕಳಿಸುತ್ತೇನೆ, ನನಗೆ ಇಲ್ಲಿ ಖರ್ಚೇ ಇಲ್ಲ. ತೋಟಕ್ಕೆ ಏನೂ ಆಗುವುದಿಲ್ಲ, ನೀವು ನಿದ್ದೆ ಕೆಡಬೇಡಿ, ಖಂಡಿತ ಏನೂ ಆಗುವುದಿಲ್ಲ. ನನಗೆ ಕೆಮ್ಮೂ ಇಲ್ಲ, ಅಮ್ಮ ಕೇಳಿಸಿಕೊಂಡದ್ದು ಫೋನಿನ ಸದ್ದು. ಚಳಿ ಹೇಳಿಕೊಳ್ಳುವಂಥದ್ದಲ್ಲ, ಊಟ ಚೆನ್ನಾಗಿದೆ.

ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಉಳಿದದ್ದು ಮುಂದಿನ ಕಾಗದದಲ್ಲಿ.

ನಿಮ್ಮ
ವಿದ್ಯಾ

ಸಹಿ ಹಾಕಿದ್ದರೆ ಕೂಡಲೇ ಫೋನ್ ಮಾಡಿ, ರಾತ್ರಿಯಾದರೂ ಸರಿ.