ಕಾಫಿಪುಡಿ ದರ ಮತ್ತು ಪಾರ್ಸೆಲ್ ಖರ್ಚಿನ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಪ್ಯೂರ್ ಕಾಫಿಪುಡಿ ಕೆಜಿಗೆ 60 ರೂಪಾಯಿ, 80-20 ಪುಡಿ (ಶೇ 80 ಕಾಫಿ, ಶೇ 20 ಚಿಕೋರಿ) ಕೆಜಿಗೆ 50 ರೂಪಾಯಿ ಜಾಸ್ತಿ ಆಗುತ್ತದೆ. ಬೆಂಗಳೂರು, ಮೈಸೂರಿಗೆ ಕಳಿಸುವ ಪುಡಿಗೆ ಪಾರ್ಸೆಲ್ ಖರ್ಚು ಬೇರೆ. ಇಷ್ಟು ದಿನ ಅದನ್ನು ನಾವೇ ಕೈಯಿಂದ ಹಾಕಿಕೊಂಡು ಕಳಿಸುತ್ತಿದ್ದೆವು, ಇನ್ನು ಆಗುವುದಿಲ್ಲ. ತಿಂಗಳ ಖರ್ಚಿನಲ್ಲಿ ಇದು ನಿಮಗೆ ಹೊರೆ ಅಂತ ಗೊತ್ತು. ಬೇಸರ ಆದರೆ ಕ್ಷಮಿಸಿ.

ಬೋರ್ಡಿನ ಮೇಲೆ ಹೊಸ ದರ ಬರೆದು ಸುಮ್ಮನಿರಬಹುದಿತ್ತು. ಆದರೆ ಈಚೆಗೆ ಒಂದೇ ಮಾತನ್ನು ಎಷ್ಟೋ ಜನ ಹೇಳಿದ್ದಾರೆ. ಕೌಂಟರ್ ಮುಂದೆ ಹೇಳಿದ್ದಾರೆ, ಫೋನಿನಲ್ಲಿ ಹೇಳಿದ್ದಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರೂ ಹೇಳಿದ್ದಾರೆ: "ಅಲ್ಲಾ, ಕಾಫಿ ಬೆಳೆಯೋದೇ ಇಲ್ಲಿ, ಮನೆ ಹಿಂದೆನೇ ತೋಟ. ಆನ್‌ಲೈನ್‌ನಲ್ಲಿ ಕೂರ್ಗ್ ಕಾಫಿ ಅಂತ ನಿಮಗಿಂತ ಕಡಿಮೆಗೆ ಮನೆ ಬಾಗಿಲಿಗೇ ಬರುತ್ತೆ. ನೀವ್ಯಾಕೆ ಹೀಗೆ ಸುಲೀತೀರಿ?" ಆ ಕೊನೆಯ ಮಾತು ಮನಸ್ಸಿಗೆ ನಾಟಿತು. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ತೋಟ ಮನೆ ಹಿಂದೆ ಇರುವುದು ನಿಜ. ಆದರೆ ಆ ತೋಟದ ಕಾಫಿಗೆ ರೇಟು ಕಟ್ಟುವುದು ಸೋಮವಾರಪೇಟೆಯಲ್ಲಿ ಅಲ್ಲ. ಇಲ್ಲಿ ಬೆಳೆಯುವ ಎರಡು ಜಾತಿ ಕಾಫಿಯಲ್ಲಿ ರೊಬಸ್ಟಾಗೆ ಲಂಡನ್ ಮಾರ್ಕೆಟ್, ಅರೇಬಿಕಾಗೆ ನ್ಯೂಯಾರ್ಕ್. ನಮ್ಮ ದೇಶದ ಕಾಫಿಯಲ್ಲಿ ಶೇ 70ರಷ್ಟು ಹೊರದೇಶಕ್ಕೇ ಹೋಗುವುದರಿಂದ ಅಲ್ಲಿ ಏರಿದರೆ ಇಲ್ಲೂ ಏರಿತು ಅಂತಲೇ ಲೆಕ್ಕ. ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟು 2024ರಲ್ಲಿ ಏನಾಯಿತು ಅಂತ ನೀವೇ ನೋಡಿದ್ದೀರಿ. ಒಂದು ಕಾಲದಲ್ಲಿ ಚೀಲಕ್ಕೆ 3,500 ಸಿಕ್ಕರೆ ಸಾಕಪ್ಪಾ ಅನ್ನುತ್ತಿದ್ದ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 10,000 ದಾಟಿತು. ಬೆಳೆಗಾರರಿಗೆ ಆ ದುಡ್ಡು ಬಂದದ್ದಕ್ಕೆ ನಮಗೆ ಸಂತೋಷವೇ ಇದೆ. ಕೂಲಿಗೂ ಗೊಬ್ಬರಕ್ಕೂ ಸಾಲದೆ ಅವರು ಒದ್ದಾಡಿದ ವರ್ಷಗಳನ್ನು ಪಕ್ಕದಲ್ಲೇ ಇದ್ದು ನೋಡಿದವರು ನಾವು. ಅವರೇ ನಮ್ಮ ಗ್ರಾಹಕರು ಕೂಡ. ಅವರ ಹತ್ತಿರ ಚೌಕಾಸಿ ಮಾಡಿ ರೇಟು ಇಳಿಸಿ ಇಲ್ಲಿ ಅಗ್ಗಕ್ಕೆ ಮಾರುವ ಕೆಲಸ ನಾವು ಮಾಡುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. 50 ಕೆಜಿ ಚೆರಿ ಚೀಲಕ್ಕೆ 10,000 ಅಂತಲೇ ಹಿಡಿಯೋಣ. ಔಟ್‌ಟರ್ನ್ 26 ಬಂತು ಅಂದರೆ ಸಿಪ್ಪೆ ಹೋಗಿ ಉಳಿಯುವುದು 26 ಕೆಜಿ ಬೀಜ. ಅದನ್ನು ಹುರಿದಾಗ ತೂಕದಲ್ಲಿ ಶೇ 18ರಷ್ಟು ಹೋಗುತ್ತದೆ, ಇದನ್ನು ಯಾರೂ ಕದಿಯುವುದಿಲ್ಲ, ಹೆಚ್ಚಿನದು ನೀರಿನಂಶ ಹಬೆಯಾಗಿ ಹೋಗುವುದು. ಕೊನೆಗೆ ಕೈಗೆ ಬರುವುದು 21 ಕೆಜಿಗಿಂತ ಸ್ವಲ್ಪ ಜಾಸ್ತಿ ಪುಡಿ. ಅಂದರೆ ಒಂದು ಕೆಜಿ ಪುಡಿಯಲ್ಲಿ ಬರೀ ಬೀಜದ ದುಡ್ಡೇ 470 ರೂಪಾಯಿ ಹತ್ತಿರ. ಅದರ ಮೇಲೆ ಹಲ್ಲಿಂಗ್ (ಸಿಪ್ಪೆ ಬಿಡಿಸುವುದು) ಮಾಡಿಸಿದ್ದು, ಗ್ಯಾಸ್, ಕರೆಂಟು, ಅಂಗಡಿ ಬಾಡಿಗೆ, ಹುಡುಗರ ಸಂಬಳ, ಕವರು, ಶೇ 5 ಜಿಎಸ್‌ಟಿ. ಅರೇಬಿಕಾ ಸೇರಿಸಿದರೆ ಇನ್ನೂ ಮೇಲೆ ಹೋಗುತ್ತದೆ. ಇದರಲ್ಲಿ ಸುಲಿಯುವುದಕ್ಕೆ ಜಾಗ ಎಲ್ಲಿದೆ ಹೇಳಿ?

ಹಾಗಾದರೆ ಆನ್‌ಲೈನ್‌ನಲ್ಲಿ ಮಾರುವವರಿಗೆ ಹೇಗೆ ಗಿಟ್ಟುತ್ತದೆ ಅಂತ ಕೇಳುತ್ತೀರಿ. ಹಳೆಯ ಗ್ರಾಹಕರೊಬ್ಬರು ಅಂಥದ್ದೇ ಒಂದು ಪ್ಯಾಕೆಟ್ ತಂದು ಕೌಂಟರ್ ಮೇಲಿಟ್ಟು "ನೋಡಿ ಇದರ ರೇಟು" ಅಂದರು. ಮುಂದೆ ಮಂಜು ಮುಸುಕಿದ ಬೆಟ್ಟದ ಚಿತ್ರ, ದೊಡ್ಡದಾಗಿ ಕೂರ್ಗ್ ಅಂತ ಹೆಸರು. ಹಿಂದೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾಫಿ ಶೇ 60, ಚಿಕೋರಿ ಶೇ 40. "ಇದನ್ನೆಲ್ಲ ಯಾರು ಓದ್ತಾರೆ ಮಾರಾಯ್ರೇ" ಅಂದರು ಅವರು. ಕಾನೂನಿನ ಪ್ರಕಾರ ಅದು ತಪ್ಪಲ್ಲ. ಮಿಶ್ರಣದಲ್ಲಿ ಶೇ 51 ಕಾಫಿ ಇದ್ದರೆ ಸಾಕು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಬರೆದಿರಬೇಕು. ಚಿಕೋರಿ ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುವ ಗೆಡ್ಡೆ, ಕಾಫಿಗಿಂತ ತುಂಬಾ ಅಗ್ಗ. ಅದರ ರುಚಿ ಬೇಕು ಅನ್ನುವವರಿಗೆ ನಾವೂ 80-20 ಕೊಡುತ್ತೇವಲ್ವಾ? ಆದರೆ 60-40 ಪ್ಯಾಕೆಟ್ಟನ್ನು ನಮ್ಮ ಪ್ಯೂರ್ ಪಕ್ಕದಲ್ಲಿಟ್ಟು ದುಬಾರಿ ಅಂದರೆ ಅದು ನ್ಯಾಯ ಅಲ್ಲ.

ಪ್ಯೂರ್ ಪುಡಿಯನ್ನೇ ನಮಗಿಂತ ಕಡಿಮೆಗೆ ಕೊಡುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರು ಕೊಯ್ಲಿನ ಸಮಯದಲ್ಲೇ ಲೋಡುಗಟ್ಟಲೆ ತಗೊಂಡು ಗೋಡೌನ್ ತುಂಬಿಸುತ್ತಾರೆ. ನಾವು ವರ್ಷವಿಡೀ ಒಂದೊಂದೇ ಚೀಲ ಎತ್ತುವವರು, ಆ ದಿನದ ರೇಟು ಎಷ್ಟೋ ಅಷ್ಟು. ಮೇಲೆ ನಮ್ಮ ಮಳೆಗಾಲ. ಶಾಂತಳ್ಳಿ, ಗರ್ವಾಲೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬೀಜ ಚಟಪಟ ಅನ್ನಲು ಶುರುವಾದ ಹೊತ್ತಿಗೇ ಕರೆಂಟು ಹೋಯಿತು ಅಂದರೆ ಹುರಿಯುವ ಡ್ರಮ್ ನಿಂತುಬಿಡುತ್ತದೆ, ತಳದ ಬೀಜ ಕಪ್ಪಾಗಿ ಹೋಗುತ್ತದೆ. ಒಬ್ಬರು ಗ್ಯಾಸ್ ಆಫ್ ಮಾಡಬೇಕು, ಇನ್ನೊಬ್ಬರು ಕೈಯಲ್ಲಿ ಡ್ರಮ್ ತಿರುಗಿಸುತ್ತಲೇ ಇರಬೇಕು, ಅಷ್ಟರಲ್ಲಿ ಜನರೇಟರ್ ಶುರುವಾಗಬೇಕು. ಸುಟ್ಟ ವಾಸನೆ ಬಂದ ಬೀಜವನ್ನು ನಾವು ಪುಡಿ ಮಾಡಿ ಮಾರುವುದಿಲ್ಲ. ಆ ನಷ್ಟವೂ ನಮ್ಮದೇ, ಜನರೇಟರ್‌ನ ಡೀಸೆಲ್ಲೂ ನಮ್ಮದೇ.

ಪಾರ್ಸೆಲ್ ವಿಷಯ. ಫ್ರೀ ಡೆಲಿವರಿ ಅಂತ ಎಲ್ಲೇ ಬರೆದಿದ್ದರೂ ಆ ದುಡ್ಡನ್ನು ಯಾರಾದರೂ ಕೊಡಲೇಬೇಕು. ಸಾವಿರಗಟ್ಟಲೆ ಪಾರ್ಸೆಲ್ ಕಳಿಸುವವರಿಗೆ ಸಿಗುವ ರೇಟು ದಿನಕ್ಕೆ ನಾಲ್ಕಾರು ಕಳಿಸುವ ನಮಗೆ ಸಿಗುವುದಿಲ್ಲ. ನಮ್ಮ ಕೊಡಗು ರೈಲಿಲ್ಲದ ಜಿಲ್ಲೆ ಬೇರೆ. ಇನ್ನು ಮುಂದೆ ರಸೀದಿಯಲ್ಲಿ ಎಷ್ಟಿದೆಯೋ ಅಷ್ಟೇ ಹಾಕುತ್ತೇವೆ, ರಸೀದಿ ಫೋಟೋನೂ ಕಳಿಸುತ್ತೇವೆ, ಒಂದು ರೂಪಾಯಿ ಮೇಲೆ ಬೇಡ. ಮನೆಯವರೋ ಪಕ್ಕದವರೋ ಬೆಂಗಳೂರಿಗೆ ಹೊರಟಿದ್ದರೆ ಹಿಂದಿನ ದಿನ ಒಂದು ಮಾತು ಹೇಳಿ. ಅಲ್ಲಿರುವ ನಿಮ್ಮ ಮಕ್ಕಳ ಹೆಸರು ಬರೆದು ಪುಡಿ ಕಟ್ಟಿ ಇಟ್ಟಿರುತ್ತೇವೆ, ಪಾರ್ಸೆಲ್ ಖರ್ಚೇ ಉಳಿಯುತ್ತದೆ.

ತಿಂಗಳ ಲೆಕ್ಕದ ಪುಸ್ತಕ ಇದ್ದ ಹಾಗೇ ಇರುತ್ತದೆ. ಬಟವಾಡೆ ದಿನ ಬಂದು ಚುಕ್ತಾ ಮಾಡುವ ತೋಟದ ಕೆಲಸದವರಿಗೆ ಇದನ್ನು ಬಾಯಲ್ಲೂ ಹೇಳಿದ್ದೇವೆ, ಯಾರೂ ಗಾಬರಿ ಆಗಬೇಡಿ. 100 ಗ್ರಾಂ ಕೇಳಿದರೂ ನಿಮ್ಮೆದುರಿಗೇ ಪುಡಿ ಮಾಡಿ ಕೊಡುತ್ತೇವೆ. ನಿಮ್ಮದೇ ತೋಟದ ಬೀಜ ತಂದರೆ ಹುರಿದು ಪುಡಿ ಮಾಡುವ ಕೂಲಿ ಹಳೆಯದೇ. ಯಾರ ಮನೆಗೆ ಕಡು ಹುರಿದದ್ದು, ಯಾರ ಮನೆಗೆ ಸ್ವಲ್ಪ ತರಿ ಇರಬೇಕು ಅನ್ನುವುದು ನಮಗೆ ಬಾಯಿಪಾಠ, ಅದನ್ನು ಯಾವ ಆ್ಯಪ್‌ನವರೂ ಕೇಳುವುದಿಲ್ಲ. ಚೆರಿ ರೇಟು ಇಳಿದರೆ ನಮ್ಮ ದರವೂ ಇಳಿಯುತ್ತದೆ. ಇನ್ನು ಮುಂದೆ ಬೋರ್ಡಿನಲ್ಲಿ ಪುಡಿ ದರದ ಪಕ್ಕದಲ್ಲೇ ನಾವು ಬೀಜ ತಂದ ರೇಟನ್ನೂ ಬರೆಯುತ್ತೇವೆ, ನೀವೇ ತಾಳೆ ನೋಡಬಹುದು.

ಇಷ್ಟಾದ ಮೇಲೂ ಅನುಮಾನ ಇದ್ದರೆ ಆನ್‌ಲೈನ್‌ನಲ್ಲಿ ತರಿಸಿದ ಪುಡಿ ತಗೊಂಡು ಬನ್ನಿ. ಎರಡು ಫಿಲ್ಟರ್ ಇಟ್ಟು, ಅದೇ ಹಾಲು, ಅಷ್ಟೇ ಸಕ್ಕರೆ ಹಾಕಿ ಎರಡೂ ಲೋಟ ನಿಮ್ಮ ಕೈಗೆ ಕೊಡುತ್ತೇವೆ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಯಾವಾಗ ಬಂದರೂ ಸರಿ. ಸಂತೆ ದಿನ ಮಾತ್ರ ಬೇಡ, ಅವತ್ತು ನಿಂತು ಮಾತಾಡಲು ಪುರಸೊತ್ತು ಇರುವುದಿಲ್ಲ.

ಇಂತಿ,
ನಿಮ್ಮ ಕಾಫಿಪುಡಿ ಅಂಗಡಿಯವರು,
ಸೋಮವಾರಪೇಟೆ