ನನ್ನ ಕೆಮ್ಮು ಕೆಮ್ಮಿದ ಭಾವನಿಗೆ

ಮೊನ್ನೆ ಕುತ್ತಿಗೆಯ ಕಾಲರ್ ಬಿಚ್ಚಿದರು. ಎಕ್ಸ್‌ರೇ ನೋಡಿದ ಡಾಕ್ಟರು "ಮೂಳೆ ಕೂಡಿದೆ, ಇನ್ನು ಇದು ಬೇಡ" ಅಂದಿದ್ದೇ ತಡ, ಅಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡಳು. ಮುಂದೆ ಯಾರಿಗಾದರೂ ಬೇಕಾದೀತಂತೆ! ಯಾರಿಗೂ ಬೇಡವಾಗಲಿ ಮಾರಾಯ್ತಿ ಅಂದೆ. ಇದನ್ನು ನಾನು ಕೈಯಲ್ಲಿ ಬರೆಯುತ್ತಿಲ್ಲ. ಬೆರಳುಗಳು ಇನ್ನೂ ಪೂರ್ತಿ ಮಾತು ಕೇಳುವುದಿಲ್ಲ. ಫೋನಿಗೆ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ, ಪಕ್ಕದ ಮನೆಯ ಹುಡುಗ ತಪ್ಪು ತಿದ್ದುತ್ತಾನೆ.

ಅಡಿಕೆ ಮರದಿಂದ ಬಿದ್ದ ಕಥೆ ನಿಮಗೆಲ್ಲ ಗೊತ್ತೇ ಇದೆ, ಕೆಲವರಿಗೆ ನನಗಿಂತ ಚೆನ್ನಾಗಿ. ದುಡ್ಡು ಒಟ್ಟುಮಾಡಿದ ತೋಟದ ಯಜಮಾನರಿಗೆ, ಆಯುಷ್ಮಾನ್ ಕಾರ್ಡು, ರೆಫರಲ್ ಪತ್ರ ಅಂತ ಓಡಾಡಿದ ಗೆಳೆಯರಿಗೆ, ರಕ್ತ ಕೊಟ್ಟವರಿಗೆ, 108ರ ಹುಡುಗರಿಗೆ, ನಾಲ್ಕು ಜನ ಸೇರಿ "ಒಂದು, ಎರಡು, ಮೂರು" ಎಂದು ಎರಡೆರಡು ಗಂಟೆಗೆ ನನ್ನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಹುಣ್ಣಾಗದಂತೆ ಕಾದ ವಾರ್ಡಿನವರಿಗೆ, ಅವ್ವನ ಜೊತೆ ಮನೆಯಲ್ಲಿ ಮಲಗಲು ಬಂದ ಕೇರಿಯ ಹೆಂಗಸರಿಗೆ ಕೈಮುಗಿಯುತ್ತೇನೆ. ಹೌದು, ಈಗ ಎರಡು ಕೈಯೂ ಎದೆಯ ತನಕ ಬರುತ್ತವೆ. ಸರಿಯಾಗಿ ಜೋಡಿಸಲಾಗುವುದಿಲ್ಲ, ಅಷ್ಟೆ.

ಆಪರೇಷನ್ ಮಾಡಿದ ಡಾಕ್ಟರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕುತ್ತಿಗೆಯ ಐದನೆಯ ಮೂಳೆ ಆರನೆಯದರ ಮೇಲೆ ಮುಂದಕ್ಕೆ ಜಾರಿ, ಹಿಂದಿನ ಎರಡು ಕೀಲೂ ಸಿಕ್ಕಿಕೊಂಡು ಕೂತಿದ್ದವು. ಅದನ್ನು ಮೊದಲು ಜಾಗಕ್ಕೆ ತರಬೇಕು. ಕಿವಿಯ ಮೇಲ್ಗಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಇಕ್ಕಳದಂಥ ಸಾಧನದ ಮೊಳೆಗಳನ್ನು ತಲೆಬುರುಡೆಗೆ ಎರಡೂ ಕಡೆ ಕೂರಿಸಿ, ಅದಕ್ಕೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ತೂಕ ಇಳಿಬಿಟ್ಟರು. ಐದು ಕೆಜಿಯಷ್ಟರಿಂದ ಶುರು. ತೂಕ ಏರಿಸಿದಾಗೆಲ್ಲ ಒಂದು ಎಕ್ಸ್‌ರೇ, ಆಮೇಲೆ "ತೋಳು ಮಡಚು, ಇಲ್ಲಿ ಮುಟ್ಟಿದ್ದು ಗೊತ್ತಾಗುತ್ತಾ, ಕೈ ಜುಮ್ಮೆನ್ನುತ್ತಾ" ಎಂಬ ಪ್ರಶ್ನೆಗಳು. ನನಗೆ ಪೂರ್ತಿ ಎಚ್ಚರ. ಎಚ್ಚರ ಇರಲೇಬೇಕಂತೆ, ಒಳಗಿನ ನರಹುರಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ಮೊದಲು ಹೇಳಬೇಕಾದವನು ನಾನೇ. ಹಗ್ಗ, ತೂಕ ಎರಡರ ಜೊತೆಗೇ ಬದುಕಿದವನು ನಾನು. ಆದರೂ ಆ ದಿನ ತೂಕ ಏರುವುದನ್ನು ಎಣಿಸುವ ಧೈರ್ಯ ಬರಲಿಲ್ಲ. ಕೊನೆಗೊಮ್ಮೆ ಕುತ್ತಿಗೆಯೊಳಗೆ ಟಕ್ ಎಂದಿತು. ಡಾಕ್ಟರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಂದಿನದ್ದು, ಕುತ್ತಿಗೆಯ ಮುಂಭಾಗದಿಂದ ಹೋಗಿ ಮೂಳೆಗಳ ನಡುವಿನ ಹರಿದ ಡಿಸ್ಕ್ ತೆಗೆದದ್ದು, ಸೊಂಟದ ಮೂಳೆಯ ತುಂಡು ಕೂರಿಸಿ ಪ್ಲೇಟು, ಸ್ಕ್ರೂ ಹಾಕಿದ್ದು, ಅವರಿಗೆ ಗೊತ್ತು. ನಾನು ನಿದ್ದೆಯಲ್ಲಿದ್ದೆ.

ಈಗ ಭಾವನ ವಿಷಯ.

ಅಡಿಕೆ ಕೊನೆಯ (ಗೊನೆಯ) ಕೊಯ್ಲಿನಲ್ಲಿ ನಾನು ಮರದ ಮೇಲೆ, ಭಾವ ಬುಡದಲ್ಲಿ ಹಗ್ಗ ಹಿಡಿದು. ಅಕ್ಕನನ್ನು ಮದುವೆಯಾದ ಲಾಗಾಯ್ತು ಇದೇ ಜೋಡಿ. ನಾನು ಕೊನೆ ಕೊಯ್ದು ಹಗ್ಗದ ಮೇಲೆ ಬಿಟ್ಟರೆ ಒಂದು ಅಡಿಕೆ ಉದುರದ ಹಾಗೆ ಇಳಿಸಿಕೊಳ್ಳುತ್ತಿದ್ದ. ಆ ದಿನ ನಾನೇ ಇಳಿದುಬಂದೆ, ಹಗ್ಗವಿಲ್ಲದೆ. ಓಡಿಬಂದವರೆಲ್ಲ ಎತ್ತಿ ಕೂರಿಸಿ, ನೀರು ಕುಡಿಸಿ ಅನ್ನುತ್ತಿದ್ದರು. ಭಾವ ಒಬ್ಬನೇ "ಯಾರೂ ಮುಟ್ಟಬೇಡಿ" ಎಂದು ಕೂಗಿದ. ಮರ ಹತ್ತುವವರ ತರಬೇತಿಯೊಂದರಲ್ಲಿ ಕೇಳಿದ್ದು ಅವನಿಗೆ ನೆನಪಿತ್ತು. ನನ್ನ ತಲೆಯ ಹತ್ತಿರ ಮೊಣಕಾಲೂರಿ ಕೂತು, ಎರಡು ಅಂಗೈ ನಡುವೆ ತಲೆ ಹಿಡಿದುಕೊಂಡ. ತಾಲ್ಲೂಕು ಆಸ್ಪತ್ರೆಯಲ್ಲಿ ಗಟ್ಟಿ ಕಾಲರ್ ಹಾಕುವ ತನಕ ಆ ಕೈ ಬಿಡಲಿಲ್ಲ. ಪೂರ್ತಿ ತುಂಡಾಗದೆ ನರಹುರಿಯಲ್ಲಿ ಅಷ್ಟಿಷ್ಟು ಉಳಿದದ್ದಕ್ಕೆ ಆ ಹಿಡಿತವೂ ಕಾರಣ ಇರಬಹುದು ಅಂತ ಡಾಕ್ಟರು ಆಮೇಲೆ ಹೇಳಿದರು. ಹುಲಿಕಲ್ ಘಾಟಿ ಇಳಿಯುವಾಗಲೂ ಆಂಬ್ಯುಲೆನ್ಸಿನಲ್ಲಿ ತಲೆಯ ಕಡೆಯೇ ಕೂತು, ಪ್ರತಿ ತಿರುವಿಗೂ ಡ್ರೈವರಿಗೆ "ನಿಧಾನ, ನಿಧಾನ" ಎನ್ನುತ್ತಿದ್ದ. ಆ ಡ್ರೈವರ್ ಪುಣ್ಯಾತ್ಮ, ಒಮ್ಮೆಯೂ ರೇಗಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಆಪರೇಷನ್ ಆಗಿ ವಾರ್ಡಿಗೆ ಬಂದ ಮೇಲಿನ ಒಂದು ರಾತ್ರಿಯ ಬಗ್ಗೆ. ಉಸಿರೆಳೆಯುವ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿಗೆ, ನರ ಬರುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ಮಟ್ಟದಿಂದಂತೆ. ನನ್ನ ಪೆಟ್ಟು ಅದಕ್ಕಿಂತ ಕೆಳಗೆ, ಹಾಗಾಗಿ ಉಸಿರು ಉಳಿಯಿತು. ಕೆಮ್ಮುವುದಕ್ಕೆ ಮಾತ್ರ ಹೊಟ್ಟೆಯ, ಪಕ್ಕೆಯ ಸ್ನಾಯುಗಳು ಬೇಕು. ಅವು ಸತ್ತಂತೆ ಬಿದ್ದಿದ್ದವು. ಕಫ ಕಟ್ಟಿತು. ಗಂಟಲ ತನಕ ಬರುತ್ತದೆ, ಹೊರಗೆ ಬರುವುದಿಲ್ಲ. ನಾನು ಕೆಮ್ಮಿದರೆ ಹಾ ಎಂಬ ಸದ್ದು ಮಾತ್ರ. ಆಕ್ಸಿಜನ್ ಅಂಕಿ ಇಳಿಯುತ್ತಿತ್ತು. ಹೀಗೇ ಆದರೆ ಮತ್ತೆ ಗಂಟಲಿಗೆ ಪೈಪು ಹಾಕಿ ಮೆಷಿನ್ನಿಗೆ ಜೋಡಿಸಬೇಕಾಗುತ್ತದೆ ಅಂದರು.

ಸಂಜೆ ಫಿಸಿಯೋ ಮೇಡಂ ಭಾವನಿಗೆ ಒಂದು ವಿದ್ಯೆ ಕಲಿಸಿ ಹೋಗಿದ್ದರು. ಪಕ್ಕೆಲುಬಿನ ಕೆಳಗೆ ಹೊಟ್ಟೆಯ ಮೇಲೆ ಎರಡು ಅಂಗೈ ಇಡಬೇಕು. ನಾನು ಉಸಿರು ತುಂಬಿಕೊಂಡು ಕೆಮ್ಮಲು ಹೊರಟ ಕ್ಷಣಕ್ಕೇ ಒಳಕ್ಕೂ ಮೇಲಕ್ಕೂ ಒತ್ತಬೇಕು. ಒಂದು ಚೂರು ಮುಂಚೆ ಒತ್ತಿದರೂ ಇಲ್ಲ, ತಡವಾದರೂ ಇಲ್ಲ. ಭಾವ ಆ ರಾತ್ರಿಯಿಡೀ ಅದನ್ನೇ ಮಾಡಿದ. "ಎಳಕೋ. ಹಿಡಕೋ. ಹ್ಞಾಂ, ಕೆಮ್ಮು." ಒತ್ತುವುದು, ಬಟ್ಟೆಯಲ್ಲಿ ಒರೆಸುವುದು, ರಾತ್ರಿ ಡ್ಯೂಟಿಯ ಸಿಸ್ಟರ್ ಬಂದು ಕಫ ಹೀರುವ ಸಕ್ಷನ್ ಹಾಕುವುದು, ಮತ್ತೆ "ಎಳಕೋ". ಅವನ ಬೆವರು ನನ್ನ ಮುಖಕ್ಕೆ ಬೀಳುತ್ತಿತ್ತು, ಒರೆಸಿಕೊಳ್ಳಲು ನನಗೆ ಕೈ ಇರಲಿಲ್ಲ.

ಯಾವಾಗಲೋ ನಡುರಾತ್ರಿ ದಾಟಿದ ಮೇಲೆ "ಬಿಡು ಭಾವ, ಸಾಕು" ಅಂದೆ. ಕಫದ ಬಗ್ಗೆ ಮಾತ್ರ ಹೇಳಿದ್ದಲ್ಲ ಅದು. ಕೈ ಇಲ್ಲ, ಕಾಲಿಲ್ಲ, ಉಚ್ಚೆಗೂ ನಳಿಗೆ. ಮರ ಹತ್ತುವುದೊಂದು ಬಿಟ್ಟು ಏನೂ ಬಾರದವನು ನಾನು. ಹೋದರೆ ಎಲ್ಲರಿಗೂ ಬಿಡುಗಡೆ ಅನ್ನಿಸಿತ್ತು. ನಿಜವಾಗಿ ಅನ್ನಿಸಿತ್ತು. ಭಾವನಿಗೂ ಅದು ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಿನ್ನಕ್ಕನಿಗೆ ಹೋಗಿ ಯಾರು ಉತ್ತರ ಕೊಡೋದು? ನೀನು ಕೊಡ್ತೀಯಾ? ಎಳಕೋ" ಅಂದ. ಎಳೆದುಕೊಂಡೆ. ಅವನು ಒತ್ತಿದ. ಬೆಳಗಿನ ಜಾವಕ್ಕೆ ಅಂಕಿ ಏರಿತು. ಪೈಪು ಹಾಕಲಿಲ್ಲ.

ಆಮೇಲಿನದು ನಿಧಾನದ ದಾರಿ. ಮೊದಲು ಬಲಗಾಲಿನ ಹೆಬ್ಬೆರಳು, ಎಷ್ಟೋ ದಿನ ಬಿಟ್ಟು ಎಡಗಾಲು. ಕೈಬೆರಳು ಮಡಚದಿದ್ದರೂ ಮಣಿಕಟ್ಟು ಮೇಲೆತ್ತಿದರೆ ಬೆರಳುಗಳು ತಾವಾಗಿ ಹತ್ತಿರ ಬಂದು ಹಗುರದ ವಸ್ತು ಹಿಡಿಯುತ್ತವೆ ಎಂಬ ಉಪಾಯ ಕಲಿತೆ. ಬೇಜಾರಾದ ದಿನ ಫಿಸಿಯೋ ಮೇಡಂ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರ ಕಥೆ ಹೇಳುತ್ತಿದ್ದರು. 1954ರಲ್ಲಿ ವಾಹನ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. 1966ರಲ್ಲಿ ಅಲ್ಲಿ ನಮ್ಮಂಥವರಿಗಾಗಿಯೇ ಪುನರ್ವಸತಿ ಕೇಂದ್ರ ಶುರುವಾಯಿತು. ಮೊದಲ ಸಲ ಕೇಳಿದಾಗ ಸಿಟ್ಟು ಬಂದಿತ್ತು. ಅವರು ಡಾಕ್ಟರು, ನಾನು ಕೊನೆ ಕೊಯ್ಯುವವನು. ಎರಡನೇ ಸಲ ಕೇಳಿದಾಗ, ಅವರ ಕುರ್ಚಿಯನ್ನು ಆಪರೇಷನ್ ಕೋಣೆಗೆ ತಳ್ಳಿದವರು ಯಾರಿರಬಹುದು ಅಂತ ಯೋಚಿಸಿದೆ.

ಈಗ ವಾಕರ್ ಹಿಡಿದು ಅಂಗಳದ ತುದಿಗೆ ಹೋಗಿ ಬರುತ್ತೇನೆ. ಪಟ್ಟಿ ಕಟ್ಟಿದ ಚಮಚದಲ್ಲಿ ನಾನೇ ಉಣ್ಣುತ್ತೇನೆ, ಅರ್ಧ ಅಂಗಿಯ ಮೇಲೆ. ಮರ ಹತ್ತುವುದು ಇನ್ನಿಲ್ಲ. ಈ ಕೊಯ್ಲಿಗೆ ಭಾವ ಬೇರೆಯವರಿಗೆ ಹಗ್ಗ ಹಿಡಿಯುತ್ತಿದ್ದಾನೆ. ದಯವಿಟ್ಟು ಅವನಿಗೆ ಕೆಲಸ ತಪ್ಪಿಸಬೇಡಿ. ನನ್ನ ಸಲುವಾಗಿ ಅವನು ಕಳೆದುಕೊಂಡ ಕೂಲಿಯನ್ನು ಯಾರೂ ಲೆಕ್ಕ ಇಟ್ಟಿಲ್ಲ, ಅವನಂತೂ ಇಟ್ಟಿಲ್ಲ.

ಇದನ್ನು ಅವನಿಗೆ ತೋರಿಸಿಲ್ಲ. ಅವನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಯಾರಾದರೂ ಓದಿ ಹೇಳುವುದಾದರೆ, ಅಕ್ಕ ಪಕ್ಕದಲ್ಲಿದ್ದರೆ ನಡುರಾತ್ರಿಯ ಭಾಗ ಬಿಟ್ಟು ಓದಿ. ಅಷ್ಟೂ ಹೊತ್ತು ನಾನು ಚೆನ್ನಾಗಿ ನಿದ್ದೆ ಮಾಡಿದೆ ಅಂತ ಅವಳಿಗೆ ಹೇಳಿಬಿಟ್ಟಿದ್ದಾನೆ.