ಆಂಬುಲೆನ್ಸ್ ಶುಶ್ರೂಷಕರ ಮಾತಿಗೆ ಬೆಲೆ ಸಿಗಲಿ

ಮಾನ್ಯ ಸಂಪಾದಕರೇ,

ಅಪಘಾತವಾದ ಕಡೆ 108 ಗಾಡಿ ಬಂದು ನಿಂತರೆ ಸಾಕು, ಸುತ್ತ ಸೇರಿದವರು ‘ನೋಡ್ತಾ ನಿಂತ್ಕೋಬೇಡಿ, ಎತ್ತಿ ಹಾಕ್ಕೊಂಡು ಹೊರಡಿ’ ಎಂದು ಒತ್ತಾಯಿಸುತ್ತಾರೆ. ಅವರ ಆತಂಕ ಅರ್ಥವಾಗುವಂಥದ್ದೇ. ಆದರೆ ಯಾರನ್ನು ಮೊದಲು ಒಯ್ಯಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಗಾಡಿಯಲ್ಲಿರುವ ಶುಶ್ರೂಷಕರು ತೀರ್ಮಾನಿಸುವುದು ಆ ಎರಡು–ಮೂರು ನಿಮಿಷಗಳಲ್ಲೇ.

ಬಸ್ಸು ಮಗುಚಿ ಹತ್ತಾರು ಮಂದಿ ಗಾಯಗೊಂಡಿದ್ದಾರೆ ಎನ್ನಿ. ಎದ್ದು ನಡೆಯಬಲ್ಲವರನ್ನು ಮೊದಲು ಒಂದು ಬದಿಗೆ ಕರೆಯುತ್ತಾರೆ. ಅವರಿಗೆ ಹಸಿರು ಪಟ್ಟಿ, ಅಂದರೆ ಸ್ವಲ್ಪ ಕಾಯಬಲ್ಲವರು. ಉಳಿದವರಲ್ಲಿ ಒಬ್ಬೊಬ್ಬರಿಗೂ ಅರ್ಧ–ಒಂದು ನಿಮಿಷ ಮಾತ್ರ. ಉಸಿರಾಟ ನಿಮಿಷಕ್ಕೆ 30 ದಾಟಿದ್ದರೆ ಕೆಂಪು ಪಟ್ಟಿ, ಅಂದರೆ ಮೊದಲು ಒಯ್ಯಬೇಕಾದವರು. ಉಗುರನ್ನು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಕೆಂಪು ಬಣ್ಣ ಮರಳದಿದ್ದರೆ, ಅಥವಾ ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಕೆಂಪು. ‘ನನ್ನ ಕೈ ಹಿಡ್ಕೊಳಿ’ ಎಂದರೆ ಹಿಡಿಯದಿದ್ದರೂ ಕೆಂಪು. ಈ ಮೂರೂ ಸರಿಯಿದ್ದು ನಡೆಯಲಾಗದವರಿಗೆ ಹಳದಿ, ಕೆಂಪಿನವರ ನಂತರ ಅವರ ಸರದಿ. ತಲೆಯನ್ನು ಸರಿಪಡಿಸಿ ಉಸಿರಿನ ದಾರಿ ತೆರೆದ ಮೇಲೂ ಉಸಿರಾಡದವರಿಗೆ ಕಪ್ಪು, ಅಂದರೆ ಉಳಿಸಿಕೊಳ್ಳಲಾಗದವರೆಂದು ಬಿಟ್ಟು ಮುಂದೆ ಹೋಗುತ್ತಾರೆ. ಜನ ರೊಚ್ಚಿಗೇಳುವುದು ಇಲ್ಲಿಯೇ. ಆದರೆ ಆ ಒಬ್ಬರ ಬಳಿ ಹತ್ತು ನಿಮಿಷ ಕಳೆದರೆ, ಬದುಕಬಲ್ಲ ಇಬ್ಬರು ಕೈತಪ್ಪಿ ಹೋಗಬಹುದು. ಈ ಸುತ್ತಿನಲ್ಲಿ ಮಾಡುವ ಚಿಕಿತ್ಸೆ ಎರಡೇ: ಉಸಿರಿನ ದಾರಿ ತೆರೆಯುವುದು, ಚಿಮ್ಮುವ ರಕ್ತವನ್ನು ಒತ್ತಿ ಕಟ್ಟುವುದು.

ಜೋರಾಗಿ ಕಿರುಚುತ್ತಿರುವವರನ್ನೇ ಮೊದಲು ಹತ್ತಿಸಿ ಎನ್ನುವವರು ಒಂದನ್ನು ಗಮನಿಸಬೇಕು. ಕಿರುಚಲು ಉಸಿರು ಆಡುತ್ತಿರಬೇಕು. ಪಕ್ಕದಲ್ಲಿ ಬಿಳಿಚಿಕೊಂಡು, ಮೈ ತಣ್ಣಗಾಗಿ, ಬೆವರುತ್ತ ಸುಮ್ಮನೆ ಮಲಗಿರುವವರ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಇಂಥವರ ವಿಷಯದಲ್ಲಿ ಬಿ.ಪಿ. ಯಂತ್ರವನ್ನೇ ನಂಬಿ ಕೂರುವಂತಿಲ್ಲ. ಗಟ್ಟಿಮುಟ್ಟಾದ ಯುವಕನ ದೇಹ ಸುಮಾರು ಒಂದೂವರೆ ಲೀಟರ್ ರಕ್ತ ಹೋಗುವವರೆಗೂ ಬಿ.ಪಿ.ಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೇ ನಾಡಿಯ ವೇಗ, ಚರ್ಮದ ತಂಪು, ಮಾತಿನ ತೊದಲು ಮೊದಲು ನೋಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮಾಪಕವೂ ಅಷ್ಟೇ, ಬೆರಳು ತಣ್ಣಗಿದ್ದರೆ ತಪ್ಪು ಅಂಕಿ ತೋರಿಸುತ್ತದೆ.

ಇನ್ನು ಆಸ್ಪತ್ರೆಯ ಆಯ್ಕೆ. ಹತ್ತಿರದ್ದೇ ಸರಿಯಾದದ್ದು ಎಂದು ಎಲ್ಲ ಸಂದರ್ಭದಲ್ಲೂ ಹೇಳಲಾಗದು. ಎದೆನೋವಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಎಷ್ಟೋ ಸಲ ಒಳ್ಳೆಯ ನಿರ್ಧಾರ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಕಡೆ ಇ.ಸಿ.ಜಿ.ಯನ್ನು ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಪಾರ್ಶ್ವವಾಯುವಿನ ಲೆಕ್ಕ ಬೇರೆ. ಸಿ.ಟಿ. ಸ್ಕ್ಯಾನ್ ಇಲ್ಲದ ಆಸ್ಪತ್ರೆಗೆ ಹೋದರೆ ಅಲ್ಲಿಂದ ಮತ್ತೆ ಹೊರಡಬೇಕು, ಹೆಪ್ಪು ಕರಗಿಸುವ ಮದ್ದಿಗಿರುವ ನಾಲ್ಕೂವರೆ ಗಂಟೆಯ ಅವಧಿ ದಾರಿಯಲ್ಲೇ ಕರಗುತ್ತದೆ. ಆದ್ದರಿಂದಲೇ ಬಾಯಿ ಸೊಟ್ಟಗಾಗಿದೆಯೇ, ಎತ್ತಿದ ಕೈ ಕೆಳಗೆ ಜಾರುತ್ತದೆಯೇ ಎಂದು ನೋಡಿದ ಮೇಲೆ ‘ಕೊನೆಯದಾಗಿ ಚೆನ್ನಾಗಿದ್ದುದನ್ನು ಯಾವಾಗ ನೋಡಿದಿರಿ?’ ಎಂದು ಕೇಳುತ್ತಾರೆ. ‘ಬೆಳಿಗ್ಗೆ ಏಳುವಾಗಲೇ ಹೀಗಿದ್ರು’ ಎಂದರೆ ಸಾಲದು, ರಾತ್ರಿ ಎಷ್ಟು ಗಂಟೆಗೆ ಮಾತಾಡಿದ್ದರು ಎಂದು ಹೇಳಿ. ಜೊತೆಗೆ ಬೆರಳು ಚುಚ್ಚಿ ಸಕ್ಕರೆ ನೋಡಲೇಬೇಕು. ಸಕ್ಕರೆ 50ಕ್ಕೆ ಇಳಿದವರೂ ತೊದಲುತ್ತಾರೆ, ತೂರಾಡುತ್ತಾರೆ, ಕುಡಿದಿದ್ದಾರೆ ಎಂದು ಬೈಸಿಕೊಳ್ಳುತ್ತಾರೆ. ಅವರಲ್ಲಿ ಹಲವರು ಗ್ಲೂಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಗಾಡಿ ಬರುವ ತನಕ ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೆಲ್ಮೆಟ್ ಎಳೆದು ತೆಗೆಯುವುದು, ಕೈಕಾಲು ಹಿಡಿದು ಎತ್ತುವುದು ಕುತ್ತಿಗೆಯ ಮೂಳೆ ಮುರಿದಿದ್ದರೆ ಜೀವಮಾನದ ಅಂಗವೈಕಲ್ಯಕ್ಕೆ ದಾರಿ.

ಇಷ್ಟೆಲ್ಲ ನೋಡಿ, ಬರೆದುಕೊಂಡು ತಂದದ್ದು ಆಸ್ಪತ್ರೆಯ ಬಾಗಿಲಲ್ಲೇ ವ್ಯರ್ಥವಾಗುವುದುಂಟು. ದಾರಿಯಿಂದ ಫೋನ್ ಮಾಡಿದರೆ ಎತ್ತುವವರಿರುವುದಿಲ್ಲ. ಒಳಗೆ ಹೋದರೆ ಹಾಸಿಗೆ ಖಾಲಿಯಿಲ್ಲವೆಂದು ಗಾಡಿಯ ಸ್ಟ್ರೆಚರಿನಲ್ಲೇ ರೋಗಿ ಉಳಿಯುತ್ತಾರೆ. ಅಷ್ಟು ಹೊತ್ತು ಆ ಗಾಡಿ ಮುಂದಿನ ಕರೆಗೆ ಸಿಗದು. ಎಷ್ಟು ಗಂಟೆಗೆ ರಕ್ತ ಕಟ್ಟಿದರು, ಯಾವ ಮದ್ದು ಕೊಟ್ಟರು, ದಾರಿಯಲ್ಲಿ ನಾಡಿ ಹೇಗೆ ಬದಲಾಯಿತು ಎಂಬ ಹಾಳೆಯನ್ನು ಯಾರೂ ಓದದೆ ಎಲ್ಲವನ್ನೂ ಮೊದಲಿನಿಂದ ಕೇಳುತ್ತಾರೆ.

ಆರೋಗ್ಯ ಇಲಾಖೆ ಮಾಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಪ್ರತಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕರ್ತವ್ಯದಲ್ಲಿರುವ ವೈದ್ಯರ ಕೈಯಲ್ಲೇ ಇರುವ ಒಂದು ಮೊಬೈಲ್, ಗಾಡಿಯ ಸ್ಟ್ರೆಚರಿಗೆ ಬದಲಾಗಿ ಕೊಡಲು ಸದಾ ಸಿದ್ಧವಾಗಿರುವ ಒಂದು ಟ್ರಾಲಿ, ಶುಶ್ರೂಷಕರ ಹಾಳೆಯನ್ನು ಕೇಸ್ ಶೀಟಿಗೆ ಲಗತ್ತಿಸಲೇಬೇಕೆಂಬ ಒಂದು ಸುತ್ತೋಲೆ. ಈ ಮೂರನ್ನು ಇಲಾಖೆ ತಡಮಾಡದೆ ಜಾರಿಗೆ ತರಲಿ.

ಇಂತಿ,
ತುರ್ತು ಸೇವೆಯ ಶುಶ್ರೂಷಕರು, ಚಿತ್ರದುರ್ಗ ಜಿಲ್ಲೆ